ಕಂಟೆಂಪರರಿ ಡ್ಯಾನ್ಸ್ ಕಲಿಸಿಕೊಂಡು ಮುಂಬೈಯಲ್ಲಿ ಜೀವನ ನಡೆಯುತ್ತಾ?

ಡೊಂಬಿವಿಲಿ ಚಿಕ್ಕಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳ ವಿಷಯ. ಬಿಕಾಂ ಮುಗಿದಿದೆ. ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದಾಳೆ, ರಂಗಪ್ರವೇಶವೂ ಆಗಿದೆ. ಈಗ ಸಿಎ ಬೇಡ, ಎಂಬಿಎ ಬೇಡ, ಕಂಟೆಂಪರರಿ, ಅಂದರೆ ಈ ಕಾಲದ ಹೊಸ ಬಗೆಯ ನೃತ್ಯ, ಕಲಿತು ಕೊರಿಯೋಗ್ರಾಫರ್ ಆಗುತ್ತೇನೆ ಅಂತ ಕೂತಿದ್ದಾಳೆ. ಅಕ್ಕ ಭಾವ ಇಬ್ಬರೂ "ನೀನೇ ಬುದ್ಧಿ ಹೇಳು" ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಬುದ್ಧಿ ಹೇಳುವ ಮೊದಲು ನನಗೆ ವಿಷಯ ಗೊತ್ತಿರಬೇಕಲ್ವಾ? ಈ ಕೆಲಸದವರು ದಿನವಿಡೀ ಏನು ಮಾಡುತ್ತಾರೆ? ದುಡ್ಡು ಯಾರು ಕೊಡುತ್ತಾರೆ? ನಲವತ್ತು ದಾಟಿದ ಮೇಲೆ ಏನು ಗತಿ? ಈ ಲೈನಿನಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ವಡಾಲಾ ವಾಸಿ:
ಸಿಎ ಮಾಡಿಸಿ ಅಕ್ಕ. ಡ್ಯಾನ್ಸ್ ಭಾನುವಾರ ಮಾಡಲಿ.

ಸುಮ್ನೆ ಓದುಗ:
ಟಿವಿ ಶೋಗೆ ಕಳಿಸಿ ನೋಡಿ. ಒಂದು ಸಲ ಮುಖ ಕಂಡರೆ ಆಮೇಲೆ ಕ್ಲಾಸ್ ತಾನಾಗಿ ತುಂಬುತ್ತದೆ.

ಗೆಜ್ಜೆ ಬಿಚ್ಚಿಟ್ಟವಳು:
ಅಕ್ಕ, ನಾನು ಇದೇ ಲೈನಿನವಳು. ಅಂಧೇರಿ ಕಡೆ ಕಲಿಸುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕೊರಿಯೋಗ್ರಾಫರ್ ಅಂದರೆ ದಿನವಿಡೀ ಹೊಸ ನೃತ್ಯ ಕಟ್ಟುತ್ತಾ ಕೂರುವವರು ಅಂತ ಹೊರಗಿನವರು ತಿಳಿದಿರುತ್ತಾರೆ. ನಮ್ಮ ದಿನ ಹೋಗುವುದು ಕಲಿಸುವುದರಲ್ಲಿ. ಬೆಳಿಗ್ಗೆ ನಮ್ಮದೇ ಅಭ್ಯಾಸ. ಮಧ್ಯಾಹ್ನ ಯಾವುದಾದರೂ ಶಾಲೆ. ಸಂಜೆ ಬ್ಯಾಚ್‌ಗಳು, ಮಕ್ಕಳದ್ದು ಒಂದು, ಆಫೀಸಿಂದ ಬರುವವರದ್ದು ಒಂದು. ರಾತ್ರಿ ಮದುವೆ ಮನೆಯವರಿಗೆ ಸಂಗೀತ್ ಸಮಾರಂಭದ ಕುಣಿತದ ಪ್ರಾಕ್ಟೀಸ್. ನಮ್ಮ ಸ್ವಂತ ಕೆಲಸಕ್ಕೆ ಉಳಿಯುವುದು ಇವುಗಳ ಸಂದಿಯಲ್ಲಿ ಸಿಕ್ಕ ಹೊತ್ತು.

ದುಡ್ಡಿಗೂ ಒಂದು ಕಾಲ ಇದೆ. ನವೆಂಬರಿಂದ ಫೆಬ್ರವರಿವರೆಗೆ ಮದುವೆ ಮತ್ತು ಶಾಲೆಗಳ ಆ್ಯನ್ಯುಯಲ್ ಡೇ. ಏಪ್ರಿಲ್, ಮೇ ಬೇಸಿಗೆ ಶಿಬಿರ. ಮಳೆ ಹಿಡಿಯಿತೋ, ರೈಲು ನಿಂತಿತು, ಬ್ಯಾಚ್ ಅರ್ಧಕ್ಕೆ ಇಳಿಯಿತು. ಸ್ಟುಡಿಯೋದವರು ಮಾತ್ರ ಬಾಡಿಗೆ ಬಿಡುವುದಿಲ್ಲ, ಗಂಟೆ ಲೆಕ್ಕದಲ್ಲಿ ಕೊಡಲೇಬೇಕು. ಆದರೆ ನಾನು ಮನಸ್ಸಿಟ್ಟು ಮಾಡಿದ ಕೆಲಸಗಳೆಲ್ಲ ಆ ಖಾಲಿ ತಿಂಗಳುಗಳಲ್ಲೇ ಹುಟ್ಟಿದ್ದು.

ಟಿವಿ ಶೋ ಬಗ್ಗೆ ಒಂದು ಮಾತು. 2009ರಲ್ಲಿ ಡ್ಯಾನ್ಸ್ ಇಂಡಿಯಾ ಡ್ಯಾನ್ಸ್ ಬಂದ ಮೇಲೆ "ಕಂಟೆಂಪರರಿ" ಅನ್ನುವುದು ಮನೆ ಮನೆಗೂ ಗೊತ್ತಾಯಿತು. ಅದು ಒಳ್ಳೆಯದೇ ಆಯಿತು. ಆದರೆ ಜನರಿಗೆ ಗೊತ್ತಾದದ್ದು ಅಳುವ ಹಾಡು, ಎತ್ತಿ ತಿರುಗಿಸುವುದು, ಕೊನೆಯಲ್ಲಿ ನೆಲಕ್ಕೆ ಬೀಳುವುದು. ನನ್ನ ಕ್ಲಾಸಿಗೆ ಬರುವವರಲ್ಲಿ ಅರ್ಧ ಮಂದಿ ಮೊದಲ ದಿನವೇ "ಲಿಫ್ಟ್ ಯಾವಾಗ?" ಅಂತ ಕೇಳುತ್ತಾರೆ. ನೆಲದ ಮೇಲೆ ಹೊರಳಿ ಏಳುವುದನ್ನು ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು ಅಂದರೆ ಮುಂದಿನ ವಾರ ಆಸಾಮಿ ಪತ್ತೆ ಇಲ್ಲ.

ಡೊಂಬಿವಿಲಿ ಚಿಕ್ಕಮ್ಮ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಮ್ಮ. ಹಾಗಾದರೆ ಇವಳು ಕೊನೆಗೆ ಟೀಚರ್ ಆಗಿಯೇ ಉಳಿಯುತ್ತಾಳೆ ಅನ್ನಿ. ಅಕ್ಕನಿಗೆ ಹೆದರಿಕೆ ಇರುವುದೇ ಅದು.

ಬಾಲ್ಕನಿ ಟಿಕೆಟ್:
"ಟೀಚರ್ ಆಗಿಯೇ ಉಳಿಯುತ್ತಾಳೆ" ಅನ್ನುವುದನ್ನು ಸೋಲು ಅಂತ ಯಾಕೆ ಎಣಿಸುತ್ತೀರಿ ತಾಯಿ? ನಾನು ನೃತ್ಯಗಾರ ಅಲ್ಲ, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ನರೀಮನ್ ಪಾಯಿಂಟ್‌ನ ಎನ್‌ಸಿಪಿಎಯಲ್ಲಿ ಕಡಿಮೆ ದರದ ಟಿಕೆಟ್ ಹಿಡಿದು ನಾಟಕ, ನೃತ್ಯ ನೋಡಿಕೊಂಡು ಬಂದವನು. ಕಂಟೆಂಪರರಿ ನೃತ್ಯಗಾರ ಅಸ್ತಾದ್ ದೇಬೂ ಅವರ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹುಟ್ಟಿದ್ದು 1947, ಗುಜರಾತಿನ ನವ್ಸಾರಿಯಲ್ಲಿ. ಪಾರ್ಸಿ ಕುಟುಂಬ. ಬೆಳೆದದ್ದು ಜಮ್‌ಶೆಡ್‌ಪುರದಲ್ಲಿ, ಚಿಕ್ಕವಯಸ್ಸಿನಲ್ಲೇ ಕಥಕ್ ಕಲಿತರು. ಕಾಲೇಜಿಗೆ ಬಂದದ್ದು ನಮ್ಮ ಮಾಟುಂಗಾದ ಪೊದ್ದಾರ್ ಕಾಲೇಜಿಗೆ, ಓದಿದ್ದು ಬಿಕಾಂ. ನಿಮ್ಮ ಹುಡುಗಿಯ ಡಿಗ್ರಿಯೇ! ಇಲ್ಲಿ ಅಮೆರಿಕದ ಮರ್ರೆ ಲೂಯಿಸ್ ಅವರ ನೃತ್ಯ ತಂಡದ ಪ್ರದರ್ಶನ ನೋಡಿದರು, ತಲೆ ತಿರುಗಿತು. 1969ರಲ್ಲಿ ಮುಂಬೈ ಬಂದರಿನಿಂದ ಸರಕಿನ ಹಡಗು ಹತ್ತಿ ಹೊರಟೇಬಿಟ್ಟರು. ಆಮೇಲೆ ಸಿಕ್ಕ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿಕೊಂಡು ಯುರೋಪ್ ಸುತ್ತಿದರು. ಲಂಡನ್ನಿನಲ್ಲಿ ಅಮೆರಿಕದ ನೃತ್ಯಗಾರ್ತಿ ಮಾರ್ತಾ ಗ್ರಹಾಂ ಅವರ ನೃತ್ಯ ಪದ್ಧತಿ ಕಲಿತರು, ನ್ಯೂಯಾರ್ಕಿನಲ್ಲಿ ಹೊಸೆ ಲಿಮೋನ್ ಅವರ ಪದ್ಧತಿ. ಜರ್ಮನಿಯಲ್ಲಿ ಕೊರಿಯೋಗ್ರಾಫರ್ ಪೀನಾ ಬೌಶ್ ಅವರ ತಂಡದ ಜೊತೆಗೂ ಕೆಲಸ ಮಾಡಿದರು.

1977ರಲ್ಲಿ ವಾಪಸ್ ಬಂದವರು ಏನು ಮಾಡಿದರು ಗೊತ್ತಾ? ಕೇರಳಕ್ಕೆ ಹೋಗಿ ಇ.ಕೆ. ಪಣಿಕ್ಕರ್ ಅವರ ಹತ್ತಿರ ಕಥಕಳಿಗೆ ಕೂತರು. ಮೂವತ್ತರ ವಯಸ್ಸಿನಲ್ಲಿ, ಇಡೀ ಜಗತ್ತು ಸುತ್ತಿ ಬಂದ ಮೇಲೆ ಮತ್ತೆ ಶಿಷ್ಯ! ಕಥಕ್‌ನವರಿಗೆ ಇವರು ಪಾಶ್ಚಾತ್ಯ, ಹೊರಗಿನವರಿಗೆ ಪೂರ್ತಿ ಪಾಶ್ಚಾತ್ಯವೂ ಅಲ್ಲ. ಕಾರ್ಯಕ್ರಮ ಇಡುವ ಸಭಾದವರಿಗೆ ಯಾವ ಪಟ್ಟಿಯಲ್ಲಿ ಹಾಕುವುದು ಅಂತ ತಿಳಿಯದು. ಹಾಗೇ ವರ್ಷಗಟ್ಟಲೆ ಒಬ್ಬರೇ ಕುಣಿದರು.

ನಾನು ಹೇಳಬೇಕಾದದ್ದು ಇದರ ನಂತರದ ಕಥೆ. ಕೋಲ್ಕತ್ತಾದ ಆ್ಯಕ್ಷನ್ ಪ್ಲೇಯರ್ಸ್ ಅನ್ನುವ ಕಿವುಡ ಕಲಾವಿದರ ತಂಡದ ಜೊತೆ 1980ರ ದಶಕದ ಕೊನೆಯಿಂದ ಕೆಲಸ ಶುರು ಮಾಡಿದರು. ಆಮೇಲೆ ಚೆನ್ನೈನ ಕ್ಲಾರ್ಕ್ ಶಾಲೆಯ ಹುಡುಗಿಯರು. ಅವರನ್ನು ಕರೆದುಕೊಂಡು 2005ರಲ್ಲಿ ಮೆಲ್ಬರ್ನಿನ ಕಿವುಡರ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕೊಟ್ಟರು. ದೆಹಲಿಯಲ್ಲಿ ಸಲಾಂ ಬಾಲಕ್ ಟ್ರಸ್ಟ್‌ನ ಬೀದಿ ಮಕ್ಕಳಿಗೆ ಕಲಿಸಿ 2009ರಲ್ಲಿ ರಂಗಕ್ಕೆ ತಂದರು. ಮಣಿಪುರದ ಪುಂಗ್ ಚೋಲೋಂ ಕಲಾವಿದರ ಜೊತೆ, ಮೃದಂಗದಂಥ ವಾದ್ಯ ಹೊಟ್ಟೆಗೆ ಕಟ್ಟಿಕೊಂಡು ಹಾರುವವರು, ವರ್ಷಗಟ್ಟಲೆ ದುಡಿದರು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1995ರಲ್ಲಿ, ಪದ್ಮಶ್ರೀ 2007ರಲ್ಲಿ. 2020ರ ಡಿಸೆಂಬರ್ 10ರಂದು ಮುಂಬೈಯಲ್ಲೇ ತೀರಿಕೊಂಡರು.

ಈಗ ಹೇಳಿ, ಇದರಲ್ಲಿ ಕಲಿಸಿದ್ದು ಯಾವುದು, ಕಟ್ಟಿದ್ದು ಯಾವುದು? ಕಿವಿ ಕೇಳದ ಹುಡುಗಿಗೆ ತಾಳ ಹಿಡಿಸಬೇಕಾದರೆ ಎಣಿಕೆಯನ್ನು ಮೈಗೆ ಇಳಿಸಬೇಕು. ಪಕ್ಕದವಳ ಭುಜ ನೋಡಿ ಹೊರಡುವುದನ್ನು ಕಲಿಸಬೇಕು. ರಂಗದ ಮೇಲೆ ನಾವು ನೋಡಿದ ನೃತ್ಯ ಆ ಪಾಠದಿಂದಲೇ ಎದ್ದು ಬಂದದ್ದು.

ಚೆಂಡೆ ಮದ್ದಳೆ:
ಎಂಥ ಒಳ್ಳೆ ಬರಹ ಮಾರಾಯ್ರೆ! ಮೂವತ್ತರಲ್ಲಿ ಕಥಕಳಿ ಕಲಿಯುವುದು ಅಂದರೆ ತಮಾಷೆ ಅಲ್ಲ. ಆ ಅರೆಮಂಡಿಯಲ್ಲೇ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವಿನಲ್ಲೇ, ಸೊಂಟ ಬಿದ್ದುಹೋಗುತ್ತದೆ.

ನಾನು ಮೀರಾ ರೋಡಿನವನು, ಹವ್ಯಾಸಿ ಯಕ್ಷಗಾನ ವೇಷಧಾರಿ. ನಮ್ಮ ಹುಡುಗನೊಬ್ಬ ಬಡಗುತಿಟ್ಟಿನ ಕುಣಿತ ಕಲಿತು ಆಮೇಲೆ ಕಂಟೆಂಪರರಿಗೆ ಹೋದ. ಮಂಡಿ ಹಾಕುವುದು ಅಂತ ನಮ್ಮಲ್ಲಿದೆ, ಮೊಣಕಾಲೂರಿ ಗರಗರ ತಿರುಗುವುದು. ಅದನ್ನು ನೋಡಿ ಅಲ್ಲಿಯ ಟೀಚರ್ ಬೆರಗಾದರಂತೆ. ಆದರೆ ಎದೆಯನ್ನು ಒಳಕ್ಕೆ ಎಳೆದು ಬೆನ್ನು ಬಗ್ಗಿಸು ಅಂದರೆ ಇವನಿಗೆ ಆಗಲೇ ಇಲ್ಲ. ಕಿರೀಟ ಹೊತ್ತ ಬೆನ್ನು ಅಲ್ವಾ, ನೆಟ್ಟಗೆ ನಿಂತೇ ರೂಢಿ. ಅದನ್ನು ಸಡಿಲ ಮಾಡುವುದಕ್ಕೆ ಎರಡು ಮಳೆಗಾಲ ಹೋಯಿತು.

ಗೆಜ್ಜೆ ಬಿಚ್ಚಿಟ್ಟವಳು:
@ಚೆಂಡೆ ಮದ್ದಳೆ ಅಣ್ಣ, ಭರತನಾಟ್ಯದವರಿಗೂ ಇದೇ ಕಥೆ. ಗ್ರಹಾಂ ಪದ್ಧತಿಯಲ್ಲಿ ಉಸಿರು ಬಿಡುತ್ತಾ ಹೊಟ್ಟೆ ಒಳಗೆ ಎಳೆದುಕೊಂಡು ಬೆನ್ನು ಕಮಾನು ಮಾಡುವುದೇ ಮೊದಲ ಪಾಠ. ಲಿಮೋನ್‌ನಲ್ಲಿ ಭಾರ ಬಿಟ್ಟು ಬೀಳಬೇಕು, ಆ ಬಿದ್ದ ರಭಸದಲ್ಲೇ ಏಳಬೇಕು. ನಾವು ಹತ್ತು ವರ್ಷ "ಬೀಳಬೇಡ, ಅಲುಗಾಡಬೇಡ" ಅಂತ ಬೈಸಿಕೊಂಡು ಬಂದವರು. ಡೊಂಬಿವಿಲಿ ಅಕ್ಕ, ನಿಮ್ಮ ಅಕ್ಕನ ಮಗಳಿಗೂ ಮೊದಲ ಆರು ತಿಂಗಳು ಅಳು ಬರುತ್ತದೆ, ಈಗಲೇ ಹೇಳಿರುತ್ತೇನೆ. ಆದರೆ ಅವಳ ಅರೆಮಂಡಿ, ತಾಳ, ಕಣ್ಣು, ಇವೆಲ್ಲ ವ್ಯರ್ಥ ಅಲ್ಲ. ಅದನ್ನು ಬಿಟ್ಟು ಬಾ ಅನ್ನುವ ಟೀಚರ್ ಹತ್ತಿರ ಮಾತ್ರ ಹೋಗಬೇಡಿ.

ಇನ್ನೊಂದು, ನೆಲ ನೋಡಿ ಸೇರಿಸಿ. ಗ್ರಾನೈಟ್ ಅಥವಾ ಟೈಲ್ಸ್ ಮೇಲೆ ಹಾರಿಸುವ ಕ್ಲಾಸ್ ಆದರೆ ಎಷ್ಟೇ ಹೆಸರಿರಲಿ, ಹೊರಗೆ ಬನ್ನಿ. ಕೆಳಗೆ ಟೊಳ್ಳು ಇರುವ ಮರದ ನೆಲ, ಮೇಲೆ ವಿನೈಲ್ ಹಾಸು ಇರಬೇಕು. ನನ್ನ ಬಲ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದದ್ದು ಒಂದು ಮಾಲ್ ಕಾರ್ಯಕ್ರಮದ ಟೈಲ್ಸ್ ಮೇಲೆ. ಆಯೋಜಕರು ಆಸ್ಪತ್ರೆಗೆ ಆಟೋ ಹತ್ತಿಸಿದರು, ಅಲ್ಲಿಗೆ ಮುಗಿಯಿತು. ಆ ವರ್ಷ ಮನೆ ನಡೆದದ್ದು ಕುರ್ಚಿಯಲ್ಲಿ ಕೂತು ಕಲಿಸಿದ್ದರಿಂದ.

ಡೊಂಬಿವಿಲಿ ಚಿಕ್ಕಮ್ಮ:
ಅಯ್ಯೋ. ಈಗ ಕಾಲು ಹೇಗಿದೆ?

ಗೆಜ್ಜೆ ಬಿಚ್ಚಿಟ್ಟವಳು:
ಪರವಾಗಿಲ್ಲ ಅಕ್ಕ, ಹಾರುವುದು ಕಡಿಮೆ. ಆದರೆ ಕುರ್ಚಿಯಲ್ಲಿ ಕೂತು ಕಲಿಸುವಾಗ ಸುಮ್ಮನೆ ಮಾಡಿ ತೋರಿಸುವ ಹಾಗಿರಲಿಲ್ಲ. ಪ್ರತಿಯೊಂದನ್ನೂ ಮಾತಿನಲ್ಲಿ ಹೇಳಬೇಕಾಯಿತು. ಹುಡುಗರು ನನ್ನ ಮೈ ನೋಡಿ ನಕಲು ಮಾಡುವುದು ನಿಂತು ತಮ್ಮ ತಮ್ಮ ಮೈಯಲ್ಲೇ ಹುಡುಕತೊಡಗಿದರು. ಈಗ ನಾನು ಕಟ್ಟುವ ನೃತ್ಯದ ರೀತಿಯೇ ಬೇರೆ.

ಕೊತ್ರೂಡ್ ಕನ್ನಡಿಗ:
ಪುಣೆಯಿಂದ ಒಂದು ಮಾತು ಸೇರಿಸಲಾ? ಇಲ್ಲಿ ಹೃಷಿಕೇಶ್ ಪವಾರ್ ಅನ್ನುವ ಕೊರಿಯೋಗ್ರಾಫರ್ ಪಾರ್ಕಿನ್ಸನ್ಸ್ ಕಾಯಿಲೆ ಇರುವ ಹಿರಿಯರಿಗೆ ನೃತ್ಯ ಕಲಿಸುತ್ತಾ ಬಂದಿದ್ದಾರೆ. ಇಂಥ ಕ್ಲಾಸ್ ನ್ಯೂಯಾರ್ಕಿನಲ್ಲಿ 2001ರಲ್ಲೇ ಮಾರ್ಕ್ ಮಾರಿಸ್ ಅವರ ತಂಡ ಶುರು ಮಾಡಿತ್ತು. ನನ್ನ ಮಾವನಿಗೆ ಈ ಕಾಯಿಲೆ ಇತ್ತು. ಬಾಗಿಲ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿದ್ದರು. ತಾಳ ಹಾಕಿ "ಒಂದು, ಎರಡು" ಅಂದರೆ ಹೆಜ್ಜೆ ಬರುತ್ತಿತ್ತು. ಕಾಯಿಲೆ ವಾಸಿಯಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಆದರೆ ನೃತ್ಯ ಕಲಿಸುವವರಿಗೆ ಇಂಥ ಕಡೆಯೂ ಕೆಲಸ ಇದೆ ಅಂತ ನಿಮ್ಮ ಅಕ್ಕನಿಗೆ ಗೊತ್ತಿರಲಿ.

ವಡಾಲಾ ವಾಸಿ:
ಎಲ್ಲಾ ಸರಿ. ದೊಡ್ಡವರ ಕಥೆ ಕೇಳಲು ಚಂದ. ನಮ್ಮಂಥ ಮಧ್ಯಮ ವರ್ಗದವರು ಹಡಗು ಹತ್ತಿ ಹೋಗಲು ಆಗುತ್ತಾ? ನಮ್ಮ ಕನ್ನಡದವರು ಯಾರಾದರೂ ಈ ದಾರಿಯಲ್ಲಿ ಹೋಗಿದ್ದಾರಾ?

ಬಾಲ್ಕನಿ ಟಿಕೆಟ್:
ಹೋಗಿದ್ದಾರೆ ಸ್ವಾಮಿ, ನಿಮಗಿಂತ ಮೊದಲೇ. ಮಾಯಾ ರಾವ್ ಹೆಸರು ಕೇಳಿಲ್ವಾ? 1928ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಹುಡುಗಿಯರು ಕಥಕ್ ಕುಣಿಯುವುದೇ ನಮ್ಮ ಕಡೆ ಅಪರೂಪವಾಗಿದ್ದ ಕಾಲದಲ್ಲಿ ಕಲಿತರು, ಮುಂದೆ ದೆಹಲಿಗೆ ಹೋಗಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರ ದಶಕದ ಆರಂಭದಲ್ಲಿ ಮಾಸ್ಕೋಗೆ ಹೋಗಿ ಕೊರಿಯೋಗ್ರಫಿಯನ್ನೇ ಒಂದು ವಿದ್ಯೆಯಾಗಿ ಓದಿ ಬಂದರು. ಬಂದ ಮೇಲೆ 1964ರಲ್ಲಿ ದೆಹಲಿಯಲ್ಲಿ ಕೊರಿಯೋಗ್ರಫಿ ಕಲಿಸುವ ಸಂಸ್ಥೆ. ಅದರ ಹಿಂದೆ ಇದ್ದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. 2014ರಲ್ಲಿ ತೀರಿಕೊಳ್ಳುವವರೆಗೂ ಪಾಠ ಬಿಡಲಿಲ್ಲ. ಮಗಳು ಮಧು ನಟರಾಜ್ ಬೆಂಗಳೂರಿನಲ್ಲೇ ಕಂಟೆಂಪರರಿ ತಂಡ ಕಟ್ಟಿ ನಡೆಸುತ್ತಿದ್ದಾರೆ.

ಅದೂ ದೂರ ಅನ್ನಿಸಿದರೆ ಮಯೂರಿ ಉಪಾಧ್ಯ. ಬೆಂಗಳೂರಿನ ನೃತರುತ್ಯ ತಂಡದವರು. 2016ರಲ್ಲಿ ಎನ್‌ಸಿಪಿಎಯಲ್ಲಿ ಮೊಘಲ್-ಎ-ಆಜಮ್ ನಾಟಕ ಬಂತಲ್ಲ, ಅದರ ನೃತ್ಯ ಅವರದ್ದೇ. ಇಡೀ ಮುಂಬೈ ಕ್ಯೂ ನಿಂತು ನೋಡಿತು. ಕನ್ನಡದ ಹುಡುಗಿಯ ಕೆಲಸ ಅಂತ ನಮ್ಮ ಸಂಘಗಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಸುಮ್ನೆ ಓದುಗ:
ನಂಗಂತೂ ಗೊತ್ತಿರಲಿಲ್ಲ.

ಚೆಂಡೆ ಮದ್ದಳೆ:
ಸಂಘದ ವಿಷಯ ಎತ್ತಿದಿರಿ, ಹೇಳಿಯೇಬಿಡುತ್ತೇನೆ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಅಂತ ಮಾಟುಂಗಾದ ಸುತ್ತಲೇ ನಮಗೆ ಸಭಾಂಗಣಗಳಿವೆ. ನಾಟಕ, ಯಕ್ಷಗಾನ, ಭರತನಾಟ್ಯ ಎಲ್ಲಾ ನಡೆಯುತ್ತದೆ. ಒಂದು ಕಂಟೆಂಪರರಿ ಕಾರ್ಯಕ್ರಮ ಇಡೋಣ ಅಂದರೆ ಜನ ಬರುವುದಿಲ್ಲ ಅಂತ ನಾವೇ ಮೊದಲು ಹೇಳುತ್ತೇವೆ. ಇಟ್ಟು ನೋಡಿದವರು ಯಾರು?

ಡೊಂಬಿವಿಲಿ ಚಿಕ್ಕಮ್ಮ:
ಹುಡುಗಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಅಸ್ತಾದ್ ದೇಬೂ ಅವರದ್ದು ಎರಡು ಸಲ ಓದಿದಳು. ಅವಳದ್ದೊಂದು ಪ್ರಶ್ನೆ: ಡಿಗ್ರಿ ಬೇಕಾ, ಅಥವಾ ಯಾವುದಾದರೂ ಕಂಪನಿಗೆ ಸೇರಿ ಕಲಿಯುವುದು ಒಳ್ಳೆಯದಾ?

ಗೆಜ್ಜೆ ಬಿಚ್ಚಿಟ್ಟವಳು:
ಮುಂದೆ ಶಾಲೆ, ಕಾಲೇಜುಗಳಲ್ಲಿ ಕಾಯಂ ಕೆಲಸ ಬೇಕು ಅಂದರೆ ಕಾಗದ ಬೇಕು. ಜುಹೂ ಕಡೆ ಕನಕ್ ರೇಲೆ ಅವರು ಕಟ್ಟಿದ ನಾಲಂದಾ ನೃತ್ಯ ಕಾಲೇಜು ಇದೆ, ಮುಂಬೈ ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತದೆ. ಅದು ಶಾಸ್ತ್ರೀಯ ನೃತ್ಯದ್ದು. ಭರತನಾಟ್ಯ ಇರುವ ಹುಡುಗಿಗೆ ಕಷ್ಟ ಆಗಲಾರದು. ಕಂಟೆಂಪರರಿಗೇ ಅಂತ ಪೂರ್ತಿ ಸಮಯ ಕಲಿಯಬೇಕಾದರೆ ಬೆಂಗಳೂರಿನ ಅಟ್ಟಕ್ಕಲರಿ ನೃತ್ಯ ಸಂಸ್ಥೆಯ ಡಿಪ್ಲೊಮಾಗೆ ನಮ್ಮ ತಲೆಮಾರಿನ ತುಂಬಾ ಜನ ಹೋಗಿ ಬಂದಿದ್ದಾರೆ. ಮುಂಬೈಯ ಖಾಸಗಿ ಕಂಪನಿಗಳೂ ತರಬೇತಿ ಕೊಡುತ್ತವೆ. ಚೆನ್ನಾಗಿರುವುದೂ ಇದೆ, ಸರ್ಟಿಫಿಕೇಟ್ ಅಚ್ಚು ಹಾಕುವುದೂ ಇದೆ.

ನನ್ನನ್ನು ಕೇಳಿದರೆ ಮೊದಲ ವರ್ಷದಿಂದಲೇ ಯಾರದ್ದಾದರೂ ಕ್ಲಾಸಿನಲ್ಲಿ ಅಸಿಸ್ಟೆಂಟ್ ಆಗಿ ನಿಲ್ಲಲಿ. ಮಕ್ಕಳ ಬ್ಯಾಚ್ ಆದರೆ ಇನ್ನೂ ಒಳ್ಳೆಯದು. ನಲವತ್ತು ಮಕ್ಕಳನ್ನು ಒಂದು ಹಾಲಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದ ಹಾಗೆ ಓಡಿಸಲು ಬಂದರೆ ರಂಗದ ಮೇಲೆ ಗುಂಪನ್ನು ನಡೆಸುವುದು ಅರ್ಧ ಬಂದ ಹಾಗೆ. ನನಗೆ ಜಾಗದ ಲೆಕ್ಕ ಹತ್ತಿದ್ದು ಯಾವ ವರ್ಕ್‌ಶಾಪಿನಲ್ಲೂ ಅಲ್ಲ, ಮುಲುಂಡಿನ ಒಂದು ಶಾಲೆಯ ಪಿ.ಟಿ. ಮೈದಾನದಲ್ಲಿ.

ಲೆಕ್ಕಪತ್ರ ಠಾಣೆ:
ಸಿಎ ಒಬ್ಬನಾಗಿ ಎರಡು ಮಾತು. ನನ್ನ ಕಕ್ಷಿದಾರರಲ್ಲಿ ಡ್ಯಾನ್ಸ್‌ನವರು ಕೆಲವರಿದ್ದಾರೆ, ಎಲ್ಲರೂ ಮಾರ್ಚ್‌ನಲ್ಲಿ ಕವರ್ ತುಂಬ ಚೀಟಿ ಹಿಡಿದುಕೊಂಡು ಓಡಿ ಬರುತ್ತಾರೆ.

ಕಂಪನಿಗಳು, ಪ್ರೊಡಕ್ಷನ್ ಹೌಸ್‌ಗಳು ವೃತ್ತಿ ಶುಲ್ಕ ಅಂತ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುತ್ತವೆ. ಆದಾಯ ಕಡಿಮೆ ಇದ್ದರೆ ಅದು ವಾಪಸ್ ಬರುತ್ತದೆ, ಆದರೆ ರಿಟರ್ನ್ ಹಾಕಿದರೆ ಮಾತ್ರ. ಎಷ್ಟೋ ಹುಡುಗರು ಹಾಕುವುದೇ ಇಲ್ಲ.

ಜಿಎಸ್‌ಟಿಯಲ್ಲಿ ಒಂದು ತಮಾಷೆ ಇದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ಅದು ದಾಟಿದ ಮೇಲೂ ಕಲಾವಿದರಿಗೆ ಒಂದು ವಿನಾಯಿತಿ ಇದೆ, ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಅದು ಜಾನಪದ ಮತ್ತು ಶಾಸ್ತ್ರೀಯ ಕಲೆಗೆ ಮಾತ್ರ. ಯಕ್ಷಗಾನಕ್ಕೆ ಸಿಗುತ್ತದೆ, ಭರತನಾಟ್ಯಕ್ಕೆ ಸಿಗುತ್ತದೆ. ಕಂಟೆಂಪರರಿ ಎರಡರಲ್ಲೂ ಇಲ್ಲ.

ಬಾಲ್ಕನಿ ಟಿಕೆಟ್:
ಸಭಾದವರ ಪಟ್ಟಿಯಲ್ಲಿ ಜಾಗ ಇಲ್ಲ ಅಂತ ನಾನು ಹೇಳಿದೆ. ನೋಡಿ, ಸರ್ಕಾರದ ಪಟ್ಟಿಯಲ್ಲೂ ಇಲ್ಲ!

ಚೆಂಡೆ ಮದ್ದಳೆ:
ಒಂದೂವರೆ ಲಕ್ಷದ ಯಕ್ಷಗಾನ ಸಂಭಾವನೆ ಯಾರಿಗೆ ಬರುತ್ತದೆ ಸಿಎ ಸಾಹೇಬರೇ? ವಿಳಾಸ ಕೊಡಿ.

ಗೆಜ್ಜೆ ಬಿಚ್ಚಿಟ್ಟವಳು:
😄 ದುಡ್ಡಿನ ಮಾತು ಬಂತಲ್ಲ, ಇಲ್ಲಿ ವಕೀಲರು ಯಾರಾದರೂ ಇದ್ದರೆ ನನ್ನದೂ ಒಂದು ಪ್ರಶ್ನೆ. ಕಳೆದ ವರ್ಷ ಒಂದು ಜಾಹೀರಾತಿಗೆ ಅಂತ ಕರೆದರು. ನಾನು ಎರಡು ನಿಮಿಷದ ತುಣುಕು ಕಟ್ಟಿ ತೋರಿಸಿದೆ. "ಬಜೆಟ್ ಇಲ್ಲ" ಅಂತ ಕಳಿಸಿಬಿಟ್ಟರು. ಆಮೇಲೆ ಅದೇ ಚಲನೆ, ಅದೇ ಸಾಲು, ಬೇರೆಯವರ ಹೆಸರಿನಲ್ಲಿ ನೋಡಿದೆ. ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯಾ?

ಕಾನೂನು ಕಟ್ಟೆ:
ಇದೆ ಮೇಡಂ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನಾಟಕ ಕೃತಿ ಅನ್ನುವುದರೊಳಗೆ ನೃತ್ಯ ಸಂಯೋಜನೆಯನ್ನೂ ಸೇರಿಸಿದ್ದಾರೆ. ಆದರೆ ಒಂದು ಷರತ್ತು. ಆ ಸಂಯೋಜನೆಯನ್ನು ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ದಾಖಲಿಸಿರಬೇಕು. ಸುಮ್ಮನೆ ಕುಣಿದು ತೋರಿಸಿ ಬಂದರೆ ಸಾಲದು. ದಾಖಲೆ ಇದ್ದರೆ ಹಕ್ಕು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಬಿಡಿ ಬಿಡಿ ಹೆಜ್ಜೆಗೆ ಹಕ್ಕು ಕೇಳುವುದು ಕಷ್ಟ. ಸಾಲಾಗಿ ಕಟ್ಟಿದ ಸಂಯೋಜನೆಗೆ ಕೇಳಬಹುದು.

ನೀವು ತೋರಿಸಿದ ದಿನದ ವೀಡಿಯೊ ಇದೆಯಾ?

ಗೆಜ್ಜೆ ಬಿಚ್ಚಿಟ್ಟವಳು:
ಫೋನಿನಲ್ಲಿ ಅಭ್ಯಾಸದ ವೀಡಿಯೊ ಇದೆ, ತಾರೀಕು ಸಮೇತ. ಅವರ ಹತ್ತಿರ ಯಾವ ಕಾಗದವೂ ಮಾಡಿಕೊಂಡಿರಲಿಲ್ಲ.

ಕಾನೂನು ಕಟ್ಟೆ:
ವೀಡಿಯೊ ಅಳಿಸಬೇಡಿ. ಎರಡು ಕಡೆ ಇಟ್ಟುಕೊಳ್ಳಿ. ಜೊತೆಗೆ ಹೆಜ್ಜೆ, ಎಣಿಕೆ, ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನೆಲ್ಲ ಕೈಬರಹದಲ್ಲಿ ಬರೆದು ಇವತ್ತಿನ ತಾರೀಕು ಹಾಕಿ. ಕಾಯ್ದೆ ನಾಟಕ ಕೃತಿಯ ವ್ಯಾಖ್ಯೆಯಿಂದ ಸಿನಿಮಾವನ್ನು ಹೊರಗಿಟ್ಟಿದೆ. ಅದನ್ನೇ ಹಿಡಿದುಕೊಂಡು ಎದುರಿನವರು ವೀಡಿಯೊ ಕೂಡ ಸಿನಿಮಾನೇ, ಬರೀ ವೀಡಿಯೊ ಸಾಲದು ಅಂತ ವಾದ ಹೂಡಬಹುದು. ಬರೆದದ್ದೂ ಇದ್ದರೆ ಭದ್ರ. ವೀಡಿಯೊ, ಅವರು ಕರೆದ ಮೆಸೇಜ್, ಆ ಜಾಹೀರಾತಿನ ಪ್ರತಿ, ಮೂರನ್ನೂ ಹಿಡಿದು ವಕೀಲರನ್ನು ಕಂಡು ಒಂದು ನೋಟಿಸ್ ಕೊಡಿಸಿ. ತಡ ಮಾಡಬೇಡಿ.

ಇನ್ನು ಮುಂದೆ ತೋರಿಸುವ ಮೊದಲೇ ಒಂದು ಇಮೇಲ್ ಹಾಕಿ. ಇಂಥ ದಿನ, ಇಷ್ಟು ನಿಮಿಷದ ಸಂಯೋಜನೆ ತೋರಿಸುತ್ತಿದ್ದೇನೆ, ಬಳಸಿದರೆ ಇಷ್ಟು ಶುಲ್ಕ, ಹೆಸರು ಹೀಗೆ ಬರಬೇಕು, ಅಂತ ನಾಲ್ಕು ಸಾಲು ಸಾಕು. ಅವರು ಉತ್ತರ ಕೊಡದೆ ಕರೆದರೂ ಆ ಇಮೇಲ್ ನಿಮ್ಮ ಕೈಯಲ್ಲಿರುತ್ತದೆ.

ಡೊಂಬಿವಿಲಿ ಚಿಕ್ಕಮ್ಮ:
ಆ ನಾಲ್ಕು ಸಾಲು ಕನ್ನಡದಲ್ಲೋ ಹಿಂದಿಯಲ್ಲೋ ಇಲ್ಲೇ ಬರೆದು ಹಾಕುತ್ತೀರಾ ಸರ್? ನಮ್ಮ ಹುಡುಗಿಗೆ ಈ ವಾರವೇ ಬೇಕು. ಸೊಸೈಟಿಯ ಗಣಪತಿ ಕಾರ್ಯಕ್ರಮಕ್ಕೆ ನೃತ್ಯ ಮಾಡಿಸಲು ಕೇಳಿದ್ದಾರೆ, ದುಡ್ಡಿನ ಮಾತೇ ಎತ್ತಿಲ್ಲ.

ಕಾನೂನು ಕಟ್ಟೆ:
ರಾತ್ರಿ ಹಾಕುತ್ತೇನೆ ಅಕ್ಕ. ಸೊಸೈಟಿ ಸೆಕ್ರೆಟರಿ ಹೆಸರಿಗೆ ಬರೆಯಲಾ, ಕಮಿಟಿ ಹೆಸರಿಗಾ?

ವಡಾಲಾ ವಾಸಿ:
ಕಮಿಟಿ ಹೆಸರಿಗೆ ಬರೆಯಿರಿ. ಸೆಕ್ರೆಟರಿ ವರ್ಷಕ್ಕೊಬ್ಬರು ಬದಲಾಗುತ್ತಾರೆ. ಅಡ್ವಾನ್ಸ್ ಅರ್ಧ ಕೇಳುವುದು ಮರೆಯಬೇಡಿ.